ಸ್ತೂಪ ಕಿತ್ತ ಮಧ್ಯಾಹ್ನ

ಸತ್ತವರು ತಿರುಗಿ ಬರುತ್ತಾರೆಂದು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಮಾತು ಕೇಳಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ.

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಶಂಶಾಬಾದಿನ ಆಚೆಯ ಸಣ್ಣ ಊರೊಂದರಲ್ಲಿ ರಸ್ತೆ ಅಗಲ ಮಾಡುವ ಕೆಲಸಕ್ಕೆ ನಾನು ಸೂಪರ್‌ವೈಸರ್ ಆಗಿದ್ದೆ. ನಾನು ಬೀದರಿನವನು. ಯಾದಗಿರಿ ಕಡೆಯಿಂದ ಬಂದ ಕೂಲಿಗಳು ಏನಿದ್ದರೂ ನನ್ನ ಹತ್ತಿರವೇ ಬರುತ್ತಿದ್ದರು. ಅವರಲ್ಲಿ ಬಸಪ್ಪ ಮತ್ತು ಅವನ ಹೆಂಡತಿ ಮಾನಮ್ಮ ಇದ್ದರು. ಬಸಪ್ಪನಿಗೆ ಮೂವತ್ತರ ಆಸುಪಾಸು. ಗುತ್ತಿಗೆದಾರ ತೆಲುಗಿನಲ್ಲಿ ಬೈದರೆ, ಏನಂದನೆಂದು ತಿಳಿಯದೆ ನನ್ನ ಮುಖ ನೋಡುತ್ತಿದ್ದ.

ಊರ ನಡುವೆ ಕಲ್ಲಿನ ಸ್ತೂಪವೊಂದಿತ್ತು. ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಊರವರೇ ಎರಡು ಗುಂಪಾಗಿ ಹೊಡೆದಾಡಿದಾಗ ಸತ್ತವರ ನೆನಪಿಗೆ ಕಟ್ಟಿದ್ದು. ರಸ್ತೆಗೆ ಅಡ್ಡವಾಗುತ್ತದೆಂದು ಕೀಳಲು ಹೇಳಿದರು. ಊರವರು ತಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬುಡ ಸಡಿಲವಾಯಿತು. ಬಸಪ್ಪ ಮೇಲಿನ ಕಲ್ಲನ್ನು ಎದೆಗೊತ್ತಿ ಹಿಡಿದು ಕೆಳಗಿಳಿಸಿದ. ಇಳಿಸಿದವನು ಯಾರಿಗೂ ಏನೂ ಹೇಳದೆ ನಡೆದುಬಿಟ್ಟ.

ಬುತ್ತಿ ಬಿಚ್ಚುತ್ತಿದ್ದ ಮಾನಮ್ಮ, "ಎಲ್ಲಿಗ್ ಹೊಂಟ್ರಿ? ಉಣ್ಣಾಕ ಬರ್ರಿ" ಎಂದು ಕೂಗಿದಳು. ಅವನು ತಿರುಗಲಿಲ್ಲ.

ನಾವಿಬ್ಬರೂ ಹಿಂದೆ ಹೋದೆವು. ಎಂದೂ ಕಾಲಿಡದ ಓಣಿಯಲ್ಲಿ ಅವನು ಎಲ್ಲೂ ಅನುಮಾನಿಸದೆ ನಡೆದು ಒಂದು ಹಳೆಯ ಮನೆಯ ಮುಂದೆ ನಿಂತ. ಒಳಗಿನಿಂದ ಎಪ್ಪತ್ತರ ಮುದುಕಿಯೊಬ್ಬಳು ಬಂದಳು. ಬಸಪ್ಪ ಚಿಕ್ಕ ಮಗುವನ್ನು ಮಾತಾಡಿಸುವ ಹಾಗೆ ತೆಲುಗಿನಲ್ಲಿ, "ಒಬ್ಬಳೇ ಹೆದರಿಕೊಂಡೆಯಾ?" ಎಂದು ಕೇಳಿದ. ಆ ಊರಿನವರು ಆಡುವಂಥದೇ ತೆಲುಗು, ಎಲ್ಲೂ ತಡವರಿಸಲಿಲ್ಲ. ಮುದುಕಿ ಅವನನ್ನು ನೋಡುತ್ತಲೇ ಹೊಸ್ತಿಲು ದಾಟಿ ಬಂದು ಅವನ ಕೆನ್ನೆ ಮುಟ್ಟಿದಳು.

"ಅಣ್ಣಾ, ಎಲ್ಲಿದ್ದೆ?" ಎಂದಳು.

ಆ ಹೊಡೆದಾಟದಲ್ಲಿ ಅವಳ ಅಣ್ಣ ಸತ್ತಾಗ ಅವಳಿನ್ನೂ ಸಣ್ಣ ಹುಡುಗಿ ಎಂದು ನೆರೆಯವರು ಆಮೇಲೆ ಹೇಳಿದರು.

ಮಾನಮ್ಮ ಗಂಡನ ತೋಳು ಹಿಡಿದು, "ನಡೀರಿ ಹೋಗೂಣು" ಎಂದಳು. ಅವನು ಮೆಲ್ಲಗೆ ತೋಳು ಬಿಡಿಸಿಕೊಂಡು ತೆಲುಗಿನಲ್ಲಿ, "ನೀನು ಯಾರಮ್ಮ?" ಎಂದ. ಅವಳು ನನ್ನ ಕಡೆ ತಿರುಗಿ, "ಏನಂದ್ರು ಸಾಹೇಬ್ರ?" ಎಂದಳು. ಹೇಳಿದೆ.

ದೊಡ್ಡಾಸ್ಪತ್ರೆಯಲ್ಲಿ ತಲೆಗೆ ಏನೂ ಆಗಿಲ್ಲ ಎಂದರು. ಯಾದಗಿರಿ ಕಡೆಯ ಅವನ ಊರಿಗೆ ಕರೆದೊಯ್ದರೆ ಹೆತ್ತ ತಾಯಿಯ ಗುರುತೂ ಹತ್ತದೆ ಒಬ್ಬನೇ ಬಸ್ಸು ಹಿಡಿದು ಮುದುಕಿಯ ಮನೆಗೇ ಮರಳಿದ. ಮಾನಮ್ಮ ಆ ಮನೆಯೆದುರು ಗುಡಿಸಲು ಹಾಕಿಕೊಂಡು ಕಾದಳು. ಮುದುಕಿ ತೀರಿಕೊಂಡಾಗ, ಇನ್ನಾದರೂ ಬಸಪ್ಪ ಬಸಪ್ಪನಾದಾನು ಎಂದು ನಾನೂ ಆಸೆಪಟ್ಟೆ. ಅವನು ತಂಗಿಗೆ ಮಣ್ಣು ಕೊಟ್ಟು ಬಂದು ಅದೇ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಮಾನಮ್ಮನನ್ನು ಕಡೆಯದಾಗಿ ಕಂಡದ್ದು ಬಸ್ ನಿಲ್ದಾಣದಲ್ಲಿ. ಗಂಟು ಕಟ್ಟಿಕೊಂಡು ಊರಿಗೆ ಹೊರಟಿದ್ದಳು. ಜಗಳವಾಡಿದನೇ ಎಂದು ಕೇಳಿದೆ.

"ಇಲ್ರಿ, ಭಾಳ ಚಂದ ಮಾತಾಡಸ್ತಾರ. ಮಂದಿ ಮನಿ ಹೆಣ್ಮಗಳನ್ನ ಮಾತಾಡ್ಸಿದಂಗ."

ಬಸ್ಸು ಬಂತು. ಹತ್ತುವ ಮುನ್ನ ಹಣೆ ಮುಟ್ಟಿಕೊಂಡಳು. "ಊರಾಗ ಮಂದಿ ಕೇಳ್ತಾರ್ರಿ. ಈ ಕುಂಕುಮ ಇಟ್ಕೊಳ್ಳಲೋ, ಒರಸ್ಕೊಳ್ಳಲೋ? ನೀವರ ಹೇಳ್ರಿ."