ಭೀಮಪ್ಪ ಮಾಸ್ತರರು ಬರೆಸಿದ ಕಾಗದ

ಭೀಮಪ್ಪ ಮಾಸ್ತರರ ತರಗತಿಯಲ್ಲಿ ಡಸ್ಟರ್ ಇರುತ್ತಿದ್ದುದು ಅವರ ಜುಬ್ಬದ ಜೇಬಿನಲ್ಲಿ. ಮಸ್ಕಿಯ ಹೈಸ್ಕೂಲಿನಲ್ಲಿ ನಮಗೆ ಗಣಿತ ಕಲಿಸಿದವರು ಅವರು. ಬೋರ್ಡಿನ ಮೇಲೆ ಲೆಕ್ಕ ತಪ್ಪಿದವನು ಅಂಗೈಯಿಂದ ಒರೆಸಲು ಹೋದರೆ ಸಾಕು, ಹಿಂದಿನಿಂದ ಗುಡುಗು ಕೇಳುತ್ತಿತ್ತು: "ಅಳಿಸಬ್ಯಾಡಲೇ! ಬಾಜೂಕ ಮತ್ತ ಮಾಡು. ಗಲತಿ ಎಲ್ಲಾಗೈತಿ ಅಂಬೋದು ಎಲ್ಲರಿಗೂ ಕಾಣ್ಲಿ." ನನ್ನ ತಪ್ಪುಗಳು ದಿನವಿಡೀ ಆ ಬೋರ್ಡಿನ ಮೇಲೆ ಮೆರೆದಿವೆ. ಆಗ ಅವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ!

ಅವರ ಒಬ್ಬನೇ ಮಗ ಗೌತಮ ಪೈಲಟ್ ಆದಾಗ ಇಡೀ ಮಸ್ಕಿಗೇ ಕೋಡು ಮೂಡಿತ್ತು. ಬಸ್ಸಿನಲ್ಲಿ ಯಾರಾದರೂ, "ನಿಮ್ಮ ಮಗನ ವಿಮಾನದಾಗ ಎಷ್ಟು ಮಂದಿ ಕುಂದರ್ತಾರ್ರೀ ಸರ್?" ಎಂದರೆ, "ಮಂದಿ ಎಲ್ಲೀದು? ಸರಕಿನ ವಿಮಾನ. ಸಿಂಧನೂರಿನ ಅಕ್ಕಿ ಲಾರಿ ಇದ್ದಂಗ, ಗಾಳ್ಯಾಗ ಹೋಗ್ತೈತಿ, ಅಷ್ಟ" ಎನ್ನುತ್ತಿದ್ದರು. ಮುಖ ಮಾತ್ರ ಅರಳಿರುತ್ತಿತ್ತು.

ಒಂದು ಮಳೆಯ ಸಂಜೆ ಆ ವಿಮಾನ ಇಳಿಯುವಾಗ ರನ್‌ವೇ ದಾಟಿ ಹೋಗಿ ಒಡೆಯಿತು. ಗೌತಮನೂ ಉಳಿಯಲಿಲ್ಲ, ಪಕ್ಕದಲ್ಲಿದ್ದ ಸಹ-ಪೈಲಟ್ ಹುಡುಗನೂ ಉಳಿಯಲಿಲ್ಲ. 'ಪೈಲಟ್‌ಗಳ ತಪ್ಪು' ಎಂದು ಪತ್ರಿಕೆಗಳು ಇಬ್ಬರನ್ನೂ ಸೇರಿಸಿ ಬರೆದವು.

ಎಷ್ಟೋ ತಿಂಗಳ ಮೇಲೆ ತನಿಖೆಯ ವರದಿ ಹಿಡಿದು ಮಾಸ್ತರರು ಲಿಂಗಸುಗೂರಿಗೆ, ನನ್ನ ವಕೀಲಿ ಆಫೀಸಿಗೆ ಬಂದರು. "ಕನ್ನಡದಾಗ ಓದಿ ಹೇಳು. ಏನೂ ಬಿಡಬ್ಯಾಡ" ಎಂದರು. ನಾನು ಒಂದು ಕಡೆ ಬಿಟ್ಟೆ.

"ಎರಡು ಹಾಳಿ ಒಮ್ಮೆಲೇ ತಿರುವಿದೆಲ್ಲ?"

ಓದಲೇಬೇಕಾಯಿತು. ವೇಗ ಹೆಚ್ಚಾಗಿದೆ, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ-ಪೈಲಟ್ ಎರಡು ಸಲ ಹೇಳಿದ್ದ. ಗೌತಮ ಕೇಳಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಸತ್ತವರಿಗೆ ಬಾಯಿಲ್ಲ ಅಂತ ಹಿಂಗ ಬರದಾರ್ರೀ ಸರ್. ತಕರಾರು ಅರ್ಜಿ ಹಾಕೋಣು. ಆ ಹುಡುಗ ಸರಿಯಾಗಿ ಹೇಳಿಲ್ಲ ಅಂತ ವಾದ ಮಾಡ್ತೀನಿ. ಗೌತಮನ ಹೆಸರಾದ್ರೂ ಉಳೀಲಿ."

ಅವರು ವರದಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಆ ಹಾಳಿಯ ಮೇಲೆ ಬೆರಳಿಟ್ಟರು. ಆಸೆ ಹುಟ್ಟಿದ್ದು ಮುಖದಲ್ಲಿ ಕಾಣುತ್ತಿತ್ತು. ಎಷ್ಟಾದರೂ ಹೆತ್ತ ಕರುಳು.

"ಎರಡು ಸಲ ಹೇಳ್ಯಾನಲೇ" ಎಂದರು ಕೊನೆಗೆ. "ನಮ್ಮವ ಕೇಳಿಲ್ಲ. ಅರ್ಜಿ ಬ್ಯಾಡ. ಆ ಹುಡುಗನ ತಾಯಿಗೆ ಒಂದು ಕಾಗದ ಬರಿ."

ಅವರು ಹೇಳಿದರು, ನಾನು ಬರೆದೆ: 'ತಾಯಿ, ನಿಮ್ಮ ಮಗ ಸರಿಯಾಗಿಯೇ ಹೇಳಿದ್ದ. ಕೇಳದೆ ಹೋದವನು ನನ್ನ ಮಗ.' ಒಮ್ಮೆ ಓದಿ ನೋಡಿ ಸಹಿ ಮಾಡಿದರು. ಅತ್ತವನು ನಾನು, ನೀರಿನ ಲೋಟ ಮುಂದೆ ಸರಿಸಿದವರು ಅವರು.

ಹೋದ ತಿಂಗಳು ಮಾಸ್ತರರು ತೀರಿಕೊಂಡರು. ಮೂರನೆಯ ದಿನ ನಾನು ಮಸ್ಕಿಯ ಅವರ ಮನೆಯಲ್ಲಿದ್ದಾಗ ಮೈಸೂರು ಕಡೆಯ ಹೆಂಗಸೊಬ್ಬರು ವಿಳಾಸ ಕೇಳಿಕೊಂಡು ಬಂದರು. ಆ ಹುಡುಗನ ತಾಯಿ. ಸಾವಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಅವರಿಗೆ ಒಂದು ಮಾತು ಹೇಳಬೇಕಿತ್ತು" ಎಂದರು.

"ಏನಮ್ಮ?"

"ಆ ಕಾಗದ ಬರೋ ತನಕ, ನನ್ನ ಮಗಂದೂ ತಪ್ಪಿದೆ ಅಂತ ನಾನೇ ನಂಬಿಬಿಟ್ಟಿದ್ದೆ."