ಒಂಬತ್ತನೆಯ ಸಾಲು

ಮೊಮ್ಮಗಳು ನಿತ್ಯಾ ಕಳೆದ ವಾರ ತಿರುಪ್ಪೂರಿನಲ್ಲಿ ಎಕ್ಸ್‌ಪೋರ್ಟ್‌ನಲ್ಲಿ ಮಿಕ್ಕ ಬಟ್ಟೆ ಮಾರುವ ಅಂಗಡಿಯಿಂದ ಒಂದು ಕಪ್ಪು ಟೀ ಶರ್ಟ್ ತಂದಳು. ಪೊಟ್ಟಣ ಬಿಚ್ಚಿದ ಕೂಡಲೇ ಪ್ರಿಂಟಿನ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ತಲೆನೋವು ಬಂದೀತು. ಬನಿಯನ್ ಕಂಪೆನಿಯಲ್ಲಿ ತಪ್ಪು ಹುಡುಕುವ ಚೆಕಿಂಗ್ ಮೇಜಿನ ಮುಂದೆ ಇಪ್ಪತ್ತು ವರ್ಷ ನಿಂತ ನನಗೆ ಹಸಿವಾಗುತ್ತದೆ; ಊಟದ ಡಬ್ಬಿಯನ್ನು ಆ ವಾಸನೆಯಲ್ಲೇ ಬಿಚ್ಚುತ್ತಿದ್ದೆವು.

"ಈ ಬ್ಯಾಂಡು ನಿಂಗೊತ್ತಾ ಅಜ್ಜಿ?"

"ಹಾಡು ಗೊತ್ತಿಲ್ಲ ಕಣೇ. ಬೆನ್ನು ಗೊತ್ತು."

ಅವಳು ನಕ್ಕಳು. ಆಮೇಲೆ ವಿವರಿಸಿದಳು. ಇಂಗ್ಲೆಂಡಿನ ಯಾರೋ ಉದ್ದಕೂದಲಿನವರು ತಮ್ಮ ಹಳೆಯ ರೆಕಾರ್ಡುಗಳಿಂದ ಹಾಡು ಆರಿಸಿ, ಅಮೆರಿಕದವರಿಗೆಂದೇ ಒಂದು ಆಲ್ಬಂ ಕಟ್ಟಿದರಂತೆ. ಒಳ್ಳೆಯದನ್ನು ಆರಿಸಿ ಅಮೆರಿಕಕ್ಕೆ ಕಳಿಸುವುದನ್ನು ನಮ್ಮ ಊರಿಗೆ ಊರೇ ದಿನಾ ಮಾಡುತ್ತದೆ, ಗಿಟಾರಿಲ್ಲದೆ. ಅದೇ ಮುಖಚಿತ್ರದ ಆಲ್ಬಂ ಅವರ ಸ್ವಂತ ದೇಶದಲ್ಲೂ ಬಂತಂತೆ, ಒಂದು ಹಾಡು ಮಾತ್ರ ಬೇರೆ.

ಆ ಒಂದು ಹಾಡು ನನ್ನನ್ನು ಎಷ್ಟು ಕಾಡಿತ್ತೆಂದು ನಿತ್ಯಾಗೆ ಆಗ ಗೊತ್ತಿರಲಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು. ಅಪ್ಪನ ಮಗ್ಗಕ್ಕೆ ನೂಲು ಸುತ್ತಲು ಜನ ಬೇಕಿತ್ತು, ಸ್ಲೇಟು ಮೂಲೆ ಸೇರಿತು. ಕಂಪೆನಿಗೆ ಸೇರುವಾಗ ಎಂಟನೇ ಕ್ಲಾಸು ಎಂದು ಬರೆಸಿದೆ. ಚೆಕಿಂಗ್‌ಗೆ ಓದು ಬರಬೇಕೆಂಬ ಕಟ್ಟಳೆ ಇತ್ತು. ಸುಳ್ಳೇ ಸರಿ; ಯಾರೂ ಓದಿ ತೋರಿಸು ಎನ್ನಲಿಲ್ಲ.

ಒಂದು ವರ್ಷ ಇದೇ ಟೀ ಶರ್ಟುಗಳು ಬಂದವು. ಇಂಗ್ಲೆಂಡಿಗೆ ಒಂದು ಲಾಟು, ಅಮೆರಿಕಕ್ಕೆ ಒಂದು. ಎದೆಯ ಮೇಲೆ ಒಂದೇ ಚಿತ್ರ, ಬೆನ್ನಿನ ಮೇಲೆ ಹಾಡುಗಳ ಪಟ್ಟಿ. ಅಮೆರಿಕದ ಸ್ಯಾಂಪಲ್ ನನ್ನ ಮೇಜಿನ ಮೇಲೆ ತೂಗುತ್ತಿತ್ತು. ಅದರಲ್ಲಿ ಒಂಬತ್ತನೆಯ ಸಾಲು ಮೋಟು. ಅಮೆರಿಕದ ಲಾಟೆಂದು ಕೈಗೆ ಬಂದ ಪೀಸುಗಳಲ್ಲಿ ಅದೇ ಸಾಲು ತೋಳಿನವರೆಗೆ ಉದ್ದ. ಓದು ಬಲ್ಲವರು ಮೇಲಿನ ಹೆಸರು ಓದಿ ಮಡಚಿಬಿಟ್ಟಿದ್ದರು. ನನಗೆ ಎಲ್ಲಾ ಸಾಲೂ ಒಂದೇ, ಸೀರೆಯ ಅಂಚು ನೋಡಿದ ಹಾಗೆ ಕಡೆಯವರೆಗೂ ನೋಡುತ್ತಿದ್ದೆ.

ಸೂಪರ್‌ವೈಸರ್ ರಂಗಸಾಮಿ ನಮ್ಮ ಜನವೇ, ಮನೆಮಾತು ಕನ್ನಡ. ನಾನು ಕೈ ನಿಲ್ಲಿಸಿದ್ದು ಕಂಡು ಓಡಿಬಂದ.

"ಯಾಕ್ಕಾ ನಿಲ್ಸಿದ್ದೀ? ಸಾಯಂಕಾಲ ಲಾರಿ. ಸೀಕ್ರಂ, ಬೇಗ ಮಡ್ಚು."

"ಇದು ಅಮೆರಿಕದ್ದಲ್ಲ. ಒಂಬತ್ತನೇದು ಬೇರೆ."

"ಅಯ್ಯೋ, ಅಮೆರಿಕದವ್ನು ಬೆನ್ ತಿರುಗಿಸ್ಕೊಂಡು ಓದ್ತಾನಾ? ಸರಿ, ಏನ್ ಬರ್ದಿದೆ ಓದು ನೋಡಾಣ."

ಸುತ್ತ ಹೆಂಗಸರು ಕೈ ನಿಲ್ಲಿಸಿದರು. ಮಡಚಿಬಿಟ್ಟಿದ್ದರೆ ನನ್ನ ಮೇಜು ನನಗೇ ಇರುತ್ತಿತ್ತು. ಆದರೆ ಪಾಸಾದ ಮಾಲಿಗೆ ಹಚ್ಚುವ ನನ್ನ ನಂಬರಿನ ಚೀಟಿಯನ್ನು ತಪ್ಪು ಮಾಲಿಗೆ ಅಂಟಿಸಲು ನನ್ನ ಕೈ ಬರಲಿಲ್ಲ.

"ನಂಗೆ ಓದಕ್ ಬರಲ್ಲ ರಂಗಸಾಮಿ. ಓದ್ ಬರೋರನ್ನ ಕರ್ಕೊಂಡ್ ಬಾ. ಅಲ್ಲೀವರ್ಗೂ ನಾ ಎದ್ದೇಳಲ್ಲ" ಎಂದು ಬಂಡಲಿನ ಮೇಲೆ ಕುಳಿತೆ.

"ಹಂಗಾದ್ರೆ ಎಂಟನೇ ಕ್ಲಾಸು ಅಂದಿದ್ದು?"

"ಸುಳ್ಳು."

ಆಫೀಸಿನ ಹುಡುಗಿ ಬಂದು ಎರಡೂ ಆರ್ಡರಿನ ಹಾಳೆ ಜೋಡಿಸಿ ನೋಡಿದಳು; ಅದು ಇಂಗ್ಲೆಂಡಿನ ಮಾಲೇ. ಲಾರಿ ಹೋಗಲಿಲ್ಲ. ಮರುದಿನ ನನ್ನನ್ನು ಚೆಕಿಂಗ್‌ನಿಂದ ತೆಗೆದು ಹೊಲಿಗೆಯಲ್ಲಿ ಮಿಕ್ಕ ನೂಲು ಕತ್ತರಿಸಲು ಕೂರಿಸಿದರು. ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ನ್ಯಾಯವೇ. ಅಳಲಿಲ್ಲ. ಕತ್ತರಿ ಹಿಡಿದುಕೊಂಡೇ ಬೆನ್ನು ನೋಡುತ್ತಿದ್ದೆ. ಇನ್ನೆರಡು ಸಲ ಕೂಗಿ ಹೇಳಿದೆ, ಎರಡು ಸಲವೂ ಮಾಲಿನಲ್ಲಿ ತಪ್ಪು ಇತ್ತು. ನಾಲ್ಕು ತಿಂಗಳಿಗೆ ರಂಗಸಾಮಿಯೇ ಬಂದ. "ಬಾಕ್ಕಾ, ನಿನ್ನ ಕಾಟ ಆ ಮೇಜಲ್ಲೇ ಇರ್ಲಿ." ಹೋದೆ. ಮಾನ ಗೀನ ಎಂದು ಬಿಗಿದುಕೊಳ್ಳಲಿಲ್ಲ.

ಕನ್ನಡದ ಅಕ್ಷರ ಕಲಿತದ್ದು ಬಹಳ ತಡವಾಗಿ, ಕೊಳ್ಳೇಗಾಲದ ಸೊಸೆ ಬಂದ ಮೇಲೆ. ತಮಿಳು ಬೋರ್ಡು ಕೂಡಿಸಿ ಓದುತ್ತೇನೆ. ಇಂಗ್ಲಿಷು ಇವತ್ತಿಗೂ ಬರೀ ಅಂಚು.

ಇದನ್ನೆಲ್ಲ ಮೊನ್ನೆ ನಿತ್ಯಾಗೆ ಹೇಳಿದೆ. ಓದು ಬರದಿದ್ದದ್ದು, ಸುಳ್ಳು, ಎಲ್ಲ. ಅವಳು ತಂದ ಟೀ ಶರ್ಟಿನ ಬೆನ್ನಿನಲ್ಲಿ ಮೋಟು ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಹಾಕು, ಕೇಳಾಣ" ಎಂದೆ.

ಫೋನಿನಲ್ಲಿ ಹಾಕಿದಳು. ಮೂರು ನಿಮಿಷವಿತ್ತೇನೋ. ಡ್ರಮ್ಮು, ಕಿರುಚಾಟ, ನಡುವೆ ಯಾರೋ ಒಬ್ಬ ತಣ್ಣಗೆ ಹಾಡಿದ. ಎದ್ದು ಹೋಗದೆ ಕಡೆಯವರೆಗೂ ಕೇಳಿದೆ.

"ಹೆಂಗಿದೆ ಅಜ್ಜಿ?"

"ಪಾಸು" ಎಂದೆ.