ಮಿನರ್ವಾಳ ಶಾಲೆಯ ಗಂಟೆ

ನಮ್ಮಮ್ಮ ಆರ್ಲಿಸ್‌ಗೆ ಬೈಬಲ್ ಒಂದು ಕಣ್ಣಾದರೆ, ಮಿನರ್ವಾ ಪ್ರೂಯಿಟ್ ತನ್ನ ಬಡತನದ ಬಾಲ್ಯದ ಬಗ್ಗೆ ಬರೆದ ಕತೆಗಳು ಇನ್ನೊಂದು ಕಣ್ಣು. ಬೈಬಲನ್ನಾದರೂ ಭಾನುವಾರ ಕಳೆದ ಮೇಲೆ ಮುಚ್ಚಿಡುತ್ತಿದ್ದಳು. ಮಿನರ್ವಾ ಮಾತ್ರ ವಾರವಿಡೀ ನಮ್ಮ ಅಡುಗೆಮನೆಯಲ್ಲೇ ಠಿಕಾಣಿ. ನಾನೋ ತಮ್ಮ ಕರ್ಟನೋ ತಟ್ಟೆಯಲ್ಲಿ ಏನಾದರೂ ಬಿಟ್ಟರೆ ಶುರು: "ಮಿನರ್ವಾ ಆ ಚಳಿಗಾಲ ಪೂರ್ತಿ ಬರೀ ಟರ್ನಿಪ್ ಗಡ್ಡೆ ತಿಂದ್ಕೊಂಡು ಬದುಕಿದ್ಲು, ಗೊತ್ತಾ?"

ಗೊತ್ತಿತ್ತು. ಹಲ್ಲು ಮಸೆಯುವಷ್ಟು ಗೊತ್ತಿತ್ತು.

ಆ ಮಿನರ್ವಾ ಬೆಳೆದ ಪ್ಲಮ್ ಫೋರ್ಕ್, ಡಕೋಟಾ ಬಯಲಿನಲ್ಲಿ ನಮ್ಮ ಊರಿನಿಂದ ಎರಡೇ ಗಂಟೆಯ ದಾರಿ. ಆದರೂ ಹಾಲು ಕರೆಯುವ ಹಸುಗಳನ್ನು ಬಿಟ್ಟು ಅಮ್ಮ ಒಂದು ದಿನವೂ ಹೋಗಿರಲಿಲ್ಲ. ಹಸುಗಳನ್ನು ಮಾರಿದ ಬೇಸಿಗೆಯಲ್ಲಿ ಅಪ್ಪ ಲೈಲ್ ವ್ಯಾನು ಹೊರಡಿಸಿದ. ಅಮ್ಮನಿಗೆ ಬೇಕಾಗಿದ್ದುದು ಒಂದೇ: ಮಿನರ್ವಾ ಪಾಠ ಹೇಳಿದ ಶಾಲೆಯ ಗಂಟೆ ಬಾರಿಸಬೇಕು. ಏಳು ವರ್ಷದವಳಿದ್ದಾಗಿನಿಂದ ಹೊತ್ತುಕೊಂಡು ಬಂದ ಆಸೆ.

ಮಿನರ್ವಾಳ ಮನೆಯವರು ಪ್ಲಮ್ ಫೋರ್ಕಿನಲ್ಲಿ ಉಪವಾಸ ಬಿದ್ದರು. ಆ ಉಪವಾಸ ತೋರಿಸಿಕೊಂಡೇ ಊರು ಇವತ್ತಿಗೂ ಹೊಟ್ಟೆ ತುಂಬಿಸಿಕೊಳ್ಳುತ್ತಿದೆ. ಮಿನರ್ವಾ ಕೇಕು, ಮಿನರ್ವಾ ಸಾಬೂನು, ಮಿನರ್ವಾ ಟೈರ್ ಅಂಗಡಿ. "ಅಮ್ಮ, ಟರ್ನಿಪ್ ಮಾತ್ರ ಎಲ್ಲೂ ಕಾಣ್ತಿಲ್ವಲ್ಲೇ," ಎಂದ ಕರ್ಟ್. ಅಮ್ಮನ ಕಣ್ಣು ಆಗಲೇ ಶಾಲೆಯ ಮಾಡಿನ ಮೇಲಿತ್ತು.

ಒಳಗೆ ಮಿನರ್ವಾಳ ಕಾಲದ ಉದ್ದ ಲಂಗ ತೊಟ್ಟ ಗೈಡ್ ಹೆಂಗಸು ಬಂದವರಿಗೆಲ್ಲ ಶಾಲೆ ತೋರಿಸಿ, ನೇರವಾಗಿ ಅಮ್ಮನತ್ತ ತಿರುಗಿದಳು. "ಗಂಟೆ ನೀವು ಬಾರಿಸ್ತೀರಾ ಅಮ್ಮಾ?"

"ಅಯ್ಯೋ ಬೇಡ ಬೇಡ, ಬೇರೆ ಯಾರಾದ್ರೂ ಬಾರಿಸ್ಲಿ," ಎಂದಳು ಅಮ್ಮ.

ನಮ್ಮ ಕಡೆ ಯಾರು ಏನು ಕೊಟ್ಟರೂ ಮೊದಲು ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ. ಮೂರನೆಯ ಸಲ, ನಿಮಗೆ ತೊಂದರೆ ಇಲ್ಲದಿದ್ದರೆ ಒಂಚೂರು. ಮೊದಲ ಸಲಕ್ಕೇ ಕೈಚಾಚಿದವನನ್ನು ಚರ್ಚಿನ ಹೆಂಗಸರು ಸತ್ತ ಮೇಲೂ ಬಿಡುವುದಿಲ್ಲ. ಆದರೆ ಈ ಹೆಂಗಸು ಟೆಕ್ಸಾಸಿನಿಂದ ಹೊಸದಾಗಿ ಬಂದವಳು. "ಸರಿ ಹಾಗಾದ್ರೆ," ಎಂದು ಚಡ್ಡಿ ಹಾಕಿಕೊಂಡು ಸೋಡಾ ಹೀರುತ್ತಿದ್ದ ಒಬ್ಬ ಗಂಡಸಿಗೆ ಗಂಟೆಯ ಹಗ್ಗ ಕೊಟ್ಟುಬಿಟ್ಟಳು. ಅವನು ಇನ್ನೊಂದು ಕೈಯಲ್ಲಿ ಸೋಡಾ ಹಿಡಿದುಕೊಂಡೇ ಬಾರಿಸಿದ.

ವ್ಯಾನಿನಲ್ಲಿ ಅಮ್ಮ ಹ್ಯಾಮ್ ಸ್ಯಾಂಡ್‌ವಿಚ್ ಹಂಚಿದಳು. "ಪರವಾಗಿಲ್ಲ, ಚೆನ್ನಾಗಿತ್ತು," ಎಂದಳು. ತಾನು ಮಾತ್ರ ತಿನ್ನಲಿಲ್ಲ. ಇಷ್ಟು ವರ್ಷ ಮಿನರ್ವಾಳನ್ನು ಆಡಿಕೊಂಡವಳು ನಾನೇ, ಈಗ ನನಗೇ ಆ ಸೋಡಾದವನನ್ನು ಅಟ್ಟಿಸಿಕೊಂಡು ಹೋಗಬೇಕೆನ್ನಿಸಿತು.

ಅಪ್ಪ ವ್ಯಾನು ಹೊರಡಿಸಲಿಲ್ಲ. ಕೆಳಗಿಳಿದು ಶಾಲೆಗೆ ಹೋದ. ನಾನೂ ಬೆನ್ನುಹತ್ತಿದೆ.

"ನೋಡಮ್ಮ," ಎಂದ ಆ ಹೆಂಗಸಿಗೆ, "ನನ್ನ ಹೆಂಡ್ತೀನ ಇನ್ನೂ ಎರಡು ಸಲ ಕೇಳ್ಬೇಕು."

"ಬೇಡ ಅಂದ್ರಲ್ಲ?"

"ಅದು ಮೊದಲ್ನೇದು."

ಹೆಂಗಸು ಲಂಗ ಎತ್ತಿಕೊಂಡು ವ್ಯಾನಿನ ತನಕ ಬಂದಳು. "ಬಾರಿಸಿ ಅಮ್ಮಾ."

"ಛೆ, ನಿಮಗ್ಯಾಕೆ ತೊಂದ್ರೆ."

"ದಯವಿಟ್ಟು ಬನ್ನಿ."

"ನೀವು ಇಷ್ಟೊಂದು ಬಲವಂತ ಮಾಡ್ತಿದ್ರೆ..." ಅಮ್ಮ ಆಗಲೇ ಬಾಗಿಲು ತೆರೆದಿದ್ದಳು.

ಎರಡೂ ಕೈಯಲ್ಲಿ ಹಗ್ಗ ಜಗ್ಗಿದಳು. ಗಂಟೆ ಊರಿಗೆಲ್ಲ ಕೇಳಿಸಿತು. ಅಮ್ಮ ಅಳುತ್ತಿದ್ದಳು, ನಗುತ್ತಿದ್ದಳು. ಆಮೇಲೆ ಹಗ್ಗವನ್ನು ಅಪ್ಪನತ್ತ ಚಾಚಿದಳು.

"ನೀನೂ ಒಂದ್ಸಲ ಬಾರಿಸು ಲೈಲ್."

"ಬೇಡ ಬಿಡು," ಎಂದ ಅಪ್ಪ, ಹಗ್ಗ ಹಿಡಿಯಲೆಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

ಅಮ್ಮ ಎರಡನೆಯ ಸಲ ಕೇಳಲಿಲ್ಲ. ತಿರುಗಿ ತಾನೇ ಬಾರಿಸತೊಡಗಿದಳು.